ಆಟಿಸಂ ಇರುವ ಮಗು, ಮನೆ, ಶಾಲೆ, ಊರು: ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗನಿಗೆ ಈಗ 19 ವರ್ಷ. ಮೂರೂವರೆ ವರ್ಷ ಇದ್ದಾಗ ಡಾಕ್ಟರು ‘ಆಟಿಸಂ’ ಅನ್ನೋ ಪದವನ್ನು ಮೊದಲ ಸಲ ನಮ್ಮ ಮುಂದೆ ಹೇಳಿದರು. ಅವತ್ತು ಬೆಂಗಳೂರಿಂದ ದಾವಣಗೆರೆಗೆ ಬಸ್ಸಲ್ಲಿ ವಾಪಸ್ ಬರುವಾಗ ತಲೆ ತುಂಬ ಪ್ರಶ್ನೆ. ಕೇಳೋಕೆ ಯಾರೂ ಇರಲಿಲ್ಲ. ಈಗ ಅದೇ ಪ್ರಶ್ನೆಗಳನ್ನು ಬೇರೆ ಅಮ್ಮಂದಿರು ನನಗೆ ಕೇಳುತ್ತಾರೆ. ಥೆರಪಿ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೇಳುತ್ತಾರೆ, ಮದುವೆ ಮನೆಯ ಮೂಲೆಯಲ್ಲಿ ಕೇಳುತ್ತಾರೆ, ಜಗಳೂರು, ಚನ್ನಗಿರಿ, ಹಿರಿಯೂರಿಂದ ಫೋನ್ ಮಾಡಿ ಕೇಳುತ್ತಾರೆ. ನಾನು ಡಾಕ್ಟರಲ್ಲ. ಇಷ್ಟು ವರ್ಷದಲ್ಲಿ ಕಲಿತದ್ದನ್ನು, ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು ಇಲ್ಲಿ ಬರೆದಿದ್ದೇನೆ.

## ಮೊದಲ ದಿನಗಳು

ಆಟಿಸಂ ಅಂದ್ರೆ ಏನಕ್ಕಾ? ಬುದ್ಧಿ ಕಮ್ಮಿ ಅಂತಾನಾ?

ಅಲ್ಲ. ಆಟಿಸಂ ಇರುವ ಮಗುವಿನ ಮಿದುಳು ಮೊದಲಿನಿಂದಲೇ ಬೇರೆ ರೀತಿ ಬೆಳೆದಿರುತ್ತದೆ. ಕಣ್ಣು, ಕಿವಿ, ಚರ್ಮಕ್ಕೆ ತಾಗಿದ್ದು ಅದಕ್ಕೆ ನಮಗಿಂತ ಜಾಸ್ತಿ ತಾಗಬಹುದು, ಅಥವಾ ತೀರಾ ಕಮ್ಮಿ ತಾಗಬಹುದು. ಎದುರಿಗಿರುವವರ ಮುಖ, ದನಿ, ಮಾತಿನ ಹಿಂದಿನ ಅರ್ಥ ಹಿಡಿಯುವುದು ಕಷ್ಟ. ಮಾಡಿದ್ದನ್ನೇ ಮಾಡುವುದರಲ್ಲಿ ನೆಮ್ಮದಿ. ಕೆಲವರಿಗೆ ಜೊತೆಗೆ ಬುದ್ಧಿ ಬೆಳವಣಿಗೆಯೂ ನಿಧಾನ ಇರುತ್ತದೆ, ಕೆಲವರು ಕ್ಲಾಸಿಗೇ ಫಸ್ಟ್ ಬರುತ್ತಾರೆ. ಒಬ್ಬರ ಹಾಗೆ ಇನ್ನೊಬ್ಬರು ಇರುವುದಿಲ್ಲ. ಅದಕ್ಕೇ ಡಾಕ್ಟರು ‘ಸ್ಪೆಕ್ಟ್ರಮ್’ ಅನ್ನುತ್ತಾರೆ.

ಇದು ಹೊಸ ಕಾಯಿಲೆಯೂ ಅಲ್ಲ. ಲಿಯೋ ಕ್ಯಾನರ್ ಅನ್ನುವ ಡಾಕ್ಟರು ಅಮೆರಿಕದಲ್ಲಿ 11 ಮಕ್ಕಳನ್ನು ನೋಡಿ ಇದರ ಬಗ್ಗೆ ಬರೆದದ್ದು 1943ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ. ಅಂದರೆ ನಮ್ಮೂರಿನ ಒಂದು ಕಲ್ಯಾಣ ಮಂಟಪದಲ್ಲಿ 600 ಜನ ಊಟಕ್ಕೆ ಕೂತಿದ್ದರೆ ಅವರಲ್ಲಿ ನಾಲ್ಕೈದು ಜನ ಇರಬಹುದು.

ಎರಡೂವರೆ ವರ್ಷ ಆಯ್ತು, ಇನ್ನೂ ಮಾತಿಲ್ಲ. ಅವರಪ್ಪನೂ ತಡವಾಗೇ ಮಾತಾಡಿದ್ರಂತೆ. ಕಾಯಬಹುದಾ?

ಕಾಯಬೇಡಿ. ನಮ್ಮ ಅತ್ತೆಯವರೂ ಇದೇ ಮಾತು ಹೇಳಿದ್ದರು, ಪ್ರೀತಿಯಿಂದಲೇ ಹೇಳಿದ್ದರು. ಆ ಮಾತು ನಂಬಿ ನಾವು ಒಂದು ವರ್ಷ ಕಳೆದುಕೊಂಡೆವು.

ಮಾತಿಗಿಂತ ಮೊದಲು ಬೇರೆ ವಿಷಯ ನೋಡಿ. ಹೆಸರು ಕರೆದರೆ ತಿರುಗುತ್ತದಾ? ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದಾ, ಇಲ್ಲಾ ನಿಮ್ಮ ಕೈಯನ್ನೇ ಹಿಡಿದು ಎಳೆದುಕೊಂಡು ಹೋಗುತ್ತದಾ? ಆಕಾಶದಲ್ಲಿ ವಿಮಾನ ಹೋದರೆ ಅದನ್ನು ನೋಡಿ, ‘ನೀನೂ ನೋಡಿದ್ಯಾ’ ಅನ್ನೋ ಹಾಗೆ ನಿಮ್ಮ ಮುಖ ನೋಡುತ್ತದಾ? ಟಾಟಾ ಮಾಡುತ್ತದಾ? ಬಂದಿದ್ದ ನಾಲ್ಕು ಮಾತು ಮತ್ತೆ ನಿಂತು ಹೋಯಿತಾ? ಒಂದೂವರೆ ವರ್ಷಕ್ಕೇ ಇವೆಲ್ಲ ಗೊತ್ತಾಗುತ್ತವೆ. ಅನುಮಾನ ಬಂದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಕೇಳದ ಮಗುವೂ ಕರೆದರೆ ತಿರುಗುವುದಿಲ್ಲ ಅಲ್ವಾ? ಆಟಿಸಂ ಅಂತ ಪಕ್ಕಾ ಆಗುವ ಮೊದಲೇ ಥೆರಪಿ ಶುರು ಮಾಡಬಹುದು, ಅದರಿಂದ ಯಾವ ಮಗುವಿಗೂ ನಷ್ಟ ಇಲ್ಲ.

ಬಸುರಿಯಲ್ಲಿ ನಾನೇನಾದ್ರೂ ತಪ್ಪು ಮಾಡಿದ್ನಾ?

ಇಲ್ಲ. ಈ ಪ್ರಶ್ನೆ ಕೇಳುವಾಗ ಎಲ್ಲ ತಾಯಂದಿರ ದನಿ ಸಣ್ಣದಾಗುತ್ತದೆ. ಅದಕ್ಕೇ ಇದನ್ನು ಜೋರಾಗಿ ಹೇಳುತ್ತೇನೆ: ನೀವು ತಿಂದದ್ದು, ಅತ್ತದ್ದು, ಗ್ರಹಣ ನೋಡಿದ್ದು ಯಾವುದೂ ಕಾರಣ ಅಲ್ಲ.

ಆಟಿಸಂಗೆ ಜೀನ್‌ಗಳ ಪಾತ್ರ ದೊಡ್ಡದು. ಒಂದು ಜೀನ್ ಅಂತಲ್ಲ, ನೂರಾರು. ಅವಧಿಗೆ ತುಂಬ ಮುಂಚೆ ಹುಟ್ಟುವುದು, ಅಪ್ಪ-ಅಮ್ಮನ ವಯಸ್ಸು ಜಾಸ್ತಿ ಇರುವುದು ಇಂಥವು ಸ್ವಲ್ಪ ಸಾಧ್ಯತೆ ಹೆಚ್ಚಿಸುತ್ತವೆ. ತಾಯಿ ಮಗುವನ್ನು ಸರಿಯಾಗಿ ಪ್ರೀತಿಸದೆ ಹೀಗಾಗುತ್ತದೆ ಅಂತ 1950-60ರ ದಶಕದಲ್ಲಿ ದೊಡ್ಡ ದೊಡ್ಡ ಡಾಕ್ಟರೇ ಬರೆದರು. ಅದು ಪೂರ್ತಿ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎಷ್ಟು ತಾಯಂದಿರು ಕಣ್ಣೀರು ಹಾಕಿದ್ದರೋ.

ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದವರು ನಮ್ಮ ಕಡೆ ಬಹಳ. ಅದಕ್ಕೇ ಹೀಗಾಯಿತಾ ಅಂತ ಕೇಳುತ್ತಾರೆ. ಸಂಬಂಧದಲ್ಲಿ ಮದುವೆ ಆಗದವರ ಮಕ್ಕಳಲ್ಲೂ ಆಟಿಸಂ ಇದೆ. ಮಗುವಿಗೆ ಫಿಟ್ಸ್ ಅಥವಾ ಬೇರೆ ತೊಂದರೆಯೂ ಇದ್ದರೆ, ಇನ್ನೊಂದು ಮಗುವಿನ ಯೋಚನೆ ಇದ್ದರೆ, ಡಾಕ್ಟರಿಗೆ ಹೇಳಿ ಜೆನೆಟಿಕ್ ಸಲಹೆ ಕೇಳಿ.

ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತಾರೆ, ಹೌದಾ?

ಮೊಬೈಲಿನಿಂದ ಆಟಿಸಂ ಬರುವುದಿಲ್ಲ. ಕ್ಯಾನರ್ ನೋಡಿದ ಮಕ್ಕಳ ಮನೆಯಲ್ಲಿ ಟಿವಿಯೂ ಇರಲಿಲ್ಲ. ಆದರೆ ಇಡೀ ದಿನ ಮೊಬೈಲ್ ನೋಡುವ ಮಗುವಿಗೆ ಜನರ ಜೊತೆ ಆಡುವ ಹೊತ್ತು ಕಮ್ಮಿಯಾಗುತ್ತದೆ, ಕಲಿಯುವುದೂ ಕಮ್ಮಿಯಾಗುತ್ತದೆ. ಹಾಗಾಗಿ ಕಡಿಮೆ ಮಾಡಿ. ತಪ್ಪಿತಸ್ಥೆ ಅಂತ ನಿಮ್ಮನ್ನು ನೀವೇ ಚುಚ್ಚಿಕೊಳ್ಳಬೇಡಿ.

ಇಂಜೆಕ್ಷನ್ ಹಾಕಿಸಿದ ಮೇಲೆ ಮಾತು ನಿಂತಿತು. ಎರಡನೇ ಮಗೂಗೆ ಹಾಕಿಸ್ಲೋ ಬೇಡ್ವೋ?

ಹಾಕಿಸಿ. ದಡಾರದ ಲಸಿಕೆಯಿಂದ ಆಟಿಸಂ ಬರಬಹುದು ಅಂತ 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನುವವರು ಕೇವಲ 12 ಮಕ್ಕಳನ್ನು ಇಟ್ಟುಕೊಂಡು ಬರೆದರು. ಅದರಲ್ಲಿ ಮೋಸ ಇತ್ತು. 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಆ ಲೇಖನವನ್ನು ವಾಪಸ್ ತೆಗೆದುಕೊಂಡಿತು, ಅವರ ಡಾಕ್ಟರ್ ಲೈಸೆನ್ಸೂ ಹೋಯಿತು. ಆಮೇಲೆ ಲಕ್ಷಾಂತರ ಮಕ್ಕಳನ್ನು ನೋಡಿದ ಅಧ್ಯಯನಗಳಲ್ಲಿ ಎಲ್ಲೂ ಆ ಸಂಬಂಧ ಸಿಗಲಿಲ್ಲ. ಒಂದು-ಒಂದೂವರೆ ವರ್ಷಕ್ಕೆ ಲಸಿಕೆ ಹಾಕುತ್ತಾರೆ, ಆಟಿಸಂ ಕಣ್ಣಿಗೆ ಬೀಳುವುದೂ ಅದೇ ವಯಸ್ಸಿನಲ್ಲಿ. ಅದಕ್ಕೇ ಒಂದರಿಂದ ಇನ್ನೊಂದು ಬಂತು ಅನಿಸುತ್ತದೆ.

ನಾಲಿಗೆಗೆ ಬಜೆ ತಿಕ್ಕಿ ಅಂತಾರೆ, ನಾಲಿಗೆ ಕೆಳಗಿನ ದಾರ ಕೊಯ್ಸಿ ಅಂತಾರೆ. ಮಾಡಿಸ್ಲಾ?

ಆಟಿಸಂ ಇರುವ ಮಗುವಿಗೆ ಮಾತು ತಡವಾಗುವುದು ನಾಲಿಗೆಯಿಂದಲ್ಲ. ಬಜೆಯಿಂದ ನಾಲಿಗೆ ಉರಿಯುತ್ತದೆ, ಮಾತು ಬರುವುದಿಲ್ಲ. ದಾರ ಕೊಯ್ಯುವ ಮಾತು ಬಂದರೆ ಮೊದಲು ಸ್ಪೀಚ್ ಥೆರಪಿಸ್ಟ್ ನೋಡಲಿ. ದೇವರ ಹರಕೆ ನಿಮ್ಮ ಮನಸ್ಸಿನ ನೆಮ್ಮದಿಗೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಮಗುವನ್ನು ಹೊಡೆದು, ಹೊಗೆ ಹಾಕಿ ‘ಗಾಳಿ ಬಿಡಿಸುವ’ ಕಡೆ ಒಂದು ಹೆಜ್ಜೆಯನ್ನೂ ಇಡಬೇಡಿ.

ಪೂರ್ತಿ ವಾಸಿ ಮಾಡ್ತೀವಿ, ಇಷ್ಟು ಲಕ್ಷ ಆಗುತ್ತೆ ಅಂತ ಒಬ್ರು ಹೇಳಿದ್ರು. ಹೊಲ ಮಾರಿಬಿಡ್ಲಾ?

ದಯವಿಟ್ಟು ಮಾರಬೇಡಿ. ಆಟಿಸಂ ತೆಗೆದುಹಾಕುವ ಔಷಧಿ, ಇಂಜೆಕ್ಷನ್, ಆಪರೇಷನ್ ಯಾವುದೂ ಇಲ್ಲ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುತ್ತಾರೆ. ಆಟಿಸಂಗೆ ಆ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ ಅಂತ ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ‘ಮೈಯಲ್ಲಿರೋ ಲೋಹ ತೆಗೀತೀವಿ’ ಅಂತ ಡ್ರಿಪ್ ಹಾಕಿ 2005ರಲ್ಲಿ ಅಮೆರಿಕದಲ್ಲಿ 5 ವರ್ಷದ ಮಗು ಸತ್ತೇ ಹೋಯಿತು.

ಫಿಟ್ಸ್, ನಿದ್ದೆ ಬಾರದಿರುವುದು, ತನ್ನನ್ನೇ ಹೊಡೆದುಕೊಳ್ಳುವಷ್ಟು ಸಿಟ್ಟು ಇವುಗಳಿಗೆ ಔಷಧಿ ಇದೆ. ಡಾಕ್ಟರು ಕೊಟ್ಟರೆ ಹೆದರಬೇಡಿ, ನೀವೇ ನಿಲ್ಲಿಸಲೂ ಬೇಡಿ. ಉಳಿದದ್ದೆಲ್ಲ ಕಲಿಕೆ. ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸ ತಾನೇ ಮಾಡಿಕೊಳ್ಳಲು ಕಲಿಸುವ, ಎಲ್ಲರೂ ಓಟಿ ಅನ್ನುವ ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಕರು. ಇವರೆಲ್ಲರಿಗಿಂತ ಜಾಸ್ತಿ ಹೊತ್ತು ಮಗುವಿನ ಜೊತೆ ಇರುವವರು ನೀವು. ‘ಬಾಗಿಲು ಹಾಕ್ಕೊಂಡು ನಾವೇ ಮಾಡ್ತೀವಿ, ನೀವು ಹೊರಗಿರಿ’ ಅನ್ನುವವರಿಗಿಂತ, ನಿಮ್ಮನ್ನು ಒಳಗೆ ಕೂರಿಸಿಕೊಂಡು ಹೇಳಿಕೊಡುವವರನ್ನು ಹುಡುಕಿ.

## ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು

ಬೆಂಗಳೂರಿಗೇ ಹೋಗ್ಬೇಕಾ? ದಾವಣಗೆರೆಯಲ್ಲಿ ಏನಿದೆ?

ನಮ್ಮ ಕಾಲದಲ್ಲಿ ಬೆಂಗಳೂರೇ ಗತಿ. ಈಗ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ (ಕಾಂಪೋಸಿಟ್ ರೀಜನಲ್ ಸೆಂಟರ್) ಇದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಕೆಳಗೆ ನಡೆಯುತ್ತದೆ. ಅಂಗವೈಕಲ್ಯ ಇರುವ ಎಲ್ಲರ ಪುನರ್ವಸತಿ ಅದರ ಕೆಲಸ. ಇನ್ನೊಂದು ದಾರಿ ಅಂಗನವಾಡಿಯದು. ಆರ್‌ಬಿಎಸ್‌ಕೆ ಅನ್ನುವ ಕಾರ್ಯಕ್ರಮದ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ನೋಡುತ್ತದೆ. ನಿಮ್ಮ ಅನುಮಾನವನ್ನು ಅವತ್ತೇ ಬಾಯಿ ಬಿಟ್ಟು ಹೇಳಿ, ಮುಂದಿನ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಇಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮಾತು, ಕಿವಿಯ ವಿಷಯಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಮಗುವಿನ ಎರಡು ನಿಮಿಷದ ನಾಲ್ಕೈದು ವಿಡಿಯೋ ಮಾಡಿಕೊಂಡು ಹೋಗಿ: ಊಟ ಮಾಡೋದು, ಆಡೋದು, ಸಿಟ್ಟು ಬಂದಾಗ ಇರೋದು. ಹೊಸ ಜಾಗದಲ್ಲಿ ಮಗು ಬೇರೆಯೇ ಥರ ಇರುತ್ತದೆ.

ನಮ್ದು ಹಳ್ಳಿ. ವಾರಕ್ಕೆರಡು ಸಲ ಥೆರಪಿಗೆ ಬರೋಕಾಗಲ್ಲ, ಏನ್ಮಾಡ್ಲಿ?

ತಿಂಗಳಿಗೆ ಒಂದೋ ಎರಡೋ ಸಲ ಬನ್ನಿ. ಬಂದಾಗ ಮನೆಯಲ್ಲಿ ಮಾಡಬೇಕಾದ್ದನ್ನು ನಿಮ್ಮ ಕೈಯಲ್ಲೇ ಒಮ್ಮೆ ಮಾಡಿಸಿ ತೋರಿಸಲು ಹೇಳಿ. ತಾಯಿ ಅಥವಾ ಅಜ್ಜಿ ಕರೆದುಕೊಂಡು ಬಂದರೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ.

ಮನೆಯೇ ದೊಡ್ಡ ಥೆರಪಿ ಕೋಣೆ. ಮಂಡಕ್ಕಿ ಬಟ್ಟಲನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನಾಲ್ಕೇ ಕಾಳು ಕೊಡಿ. ಮತ್ತೆ ಬೇಕು ಅಂತ ಮಗು ನಿಮ್ಮನ್ನು ನೋಡುವವರೆಗೆ, ಕೈ ಚಾಚುವವರೆಗೆ, ‘ಬೇ’ ಅನ್ನುವವರೆಗೆ ಒಂದು ಕ್ಷಣ ತಡೆಯಿರಿ. ತಕ್ಷಣ ಕೊಟ್ಟು ‘ಬೇಕು’ ಅಂತ ನೀವೇ ಹೇಳಿ. ಅಳಿಸಬೇಡಿ, ಕಾಯಿಸಿ ಸತಾಯಿಸಬೇಡಿ. ನನ್ನ ಮಗ ಮೊದಲು ‘ಬೇಕು’ ಅಂದದ್ದು ಹೀಗೇ, ಅಡುಗೆ ಮನೆಯ ನೆಲದ ಮೇಲೆ ಕೂತು. ಸುತ್ತ ಮಂಡಕ್ಕಿ ಚೆಲ್ಲಿತ್ತು. ಅವತ್ತು ಗುಡಿಸಲು ಮನಸ್ಸೇ ಬರಲಿಲ್ಲ.

ಯುಡಿಐಡಿ ಕಾರ್ಡ್ ಮಾಡ್ಸಿದ್ರೆ ಜೀವಮಾನ ಪೂರ್ತಿ ಹಣೆಪಟ್ಟಿ ಅಂಟಲ್ವಾ?

ಯುಡಿಐಡಿ ಅಂದರೆ ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಕಾರ್ಡ್ ನಿಮ್ಮ ಕಪಾಟಿನಲ್ಲಿರುತ್ತದೆ, ನೀವು ತೋರಿಸಿದರೆ ಮಾತ್ರ ಬೇರೆಯವರಿಗೆ ಗೊತ್ತು. ಅದಿಲ್ಲದೆ ಬಹಳಷ್ಟು ಸೌಲಭ್ಯ ಸಿಗುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಅದರಲ್ಲಿ ಆಟಿಸಂ ಕೂಡ ಒಂದು. ಸ್ವಾವಲಂಬನ್ ಕಾರ್ಡ್ ಅನ್ನುವ ಜಾಲತಾಣದಲ್ಲಿ ಯುಡಿಐಡಿಗೆ ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಗೆ ಪರೀಕ್ಷೆಗೆ ಕರೆಯುತ್ತಾರೆ. ಆಟಿಸಂ ಅಳೆಯಲು ಐಸಾ ಅನ್ನುವ ಭಾರತದ್ದೇ ಅಳತೆಪಟ್ಟಿ ಇದೆ. 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆಟಿಸಂ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಈ ಅಂಕದ ಮೇಲೆ ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಬರೆಯುತ್ತಾರೆ. ಬಹಳ ಸೌಲಭ್ಯಕ್ಕೆ ಶೇ. 40 ಬೇಕು. ಅಧಿಕಾರಿಗಳ ಮುಂದೆ ಮಗು ಜಾಣ ಅಂತ ತೋರಿಸುವ ಆಸೆ ಎಲ್ಲ ತಾಯಂದಿರಿಗೂ ಇರುತ್ತದೆ. ಅವತ್ತೊಂದು ದಿನ ಕಷ್ಟದ ದಿನಗಳನ್ನೂ ಇದ್ದ ಹಾಗೇ ಹೇಳಿ.

ದುಡ್ಡಿನ ಸಹಾಯ ಏನೇನಿದೆ?

ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆ ಮೊದಲು ಮಾಡಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಬೇರೆ ವಿಮೆಯವರು ಮುಖ ತಿರುಗಿಸುವ ಥೆರಪಿ ಖರ್ಚೂ ಇದರಲ್ಲಿ ಇಂತಿಷ್ಟು ಅಂತ ಬರುತ್ತದೆ. ಬಿಲ್ಲುಗಳನ್ನು ಜೋಪಾನ ಮಾಡಿ. ಮಾಸಾಶನಕ್ಕೆ ನಾಡ ಕಚೇರಿಯಲ್ಲಿ ಅರ್ಜಿ. ಅಪ್ಪ-ಅಮ್ಮ ಆದಾಯ ತೆರಿಗೆ ಕಟ್ಟುತ್ತಿದ್ದರೆ ಹಳೇ ತೆರಿಗೆ ಪದ್ಧತಿಯಲ್ಲಿ 75,000 ರೂ. ಕಡಿತ ಇದೆ. ಅಂಗವೈಕಲ್ಯ ಶೇ. 80 ಅಥವಾ ಅದಕ್ಕೂ ಮೇಲಿದ್ದರೆ 1,25,000 ರೂ. ಅರ್ಜಿ ತುಂಬುವುದು ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಅನ್ನುವ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇದಕ್ಕೇ ನೇಮಿಸಿದವರು ಅವರು.

## ಮನೆಯೊಳಗೆ

ಹೇಳಿದ್ದನ್ನೇ ಹೇಳ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡಲ್ಲ. ಅದೂ ಮಾತಾ?

ಅದೂ ಮಾತೇ. ನನ್ನ ಮಗ 5 ವರ್ಷದವನಿದ್ದಾಗ ಇದ್ದಕ್ಕಿದ್ದ ಹಾಗೆ ‘ಹರಿಹರ ರಾಣೆಬೆನ್ನೂರ್ ಹಾವೇರಿ ಹುಬ್ಳಿ, ಹುಬ್ಳಿ ಹುಬ್ಳಿ’ ಅಂತ ಥೇಟ್ ಕಂಡಕ್ಟರ್ ದನಿಯಲ್ಲಿ ಕೂಗುತ್ತಿದ್ದ. ನಾವು ಸುಮ್ನಿರು ಅಂತ ಗದರುತ್ತಿದ್ದೆವು. ಸುಮಾರು ದಿನ ಆದಮೇಲೆ ನನಗೆ ಹೊಳೆಯಿತು. ಮನೆಗೆ ಜಾಸ್ತಿ ಜನ ಬಂದಾಗ, ಗಲಾಟೆ ಆದಾಗ ಮಾತ್ರ ಹಾಗೆ ಕೂಗುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಆ ಕೂಗು ಕೇಳಿದ ಮೇಲೆ ನಾವು ಬಸ್ ಹತ್ತಿ ಅಲ್ಲಿಂದ ಹೊರಡುತ್ತಿದ್ದೆವಲ್ಲ? ‘ನನ್ನನ್ನ ಇಲ್ಲಿಂದ ಕರ್ಕೊಂಡು ಹೋಗಿ’ ಅಂತ ಅದರ ಅರ್ಥ. ಆಮೇಲಿಂದ ಅವನು ಹುಬ್ಳಿ ಅಂದರೆ ನಾನು ‘ಹೊರಗೆ ಹೋಗೋಣ’ ಅಂತ ಹೇಳಿ ಕರೆದುಕೊಂಡು ಹೋಗುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಅವನೇ ‘ಹೊರಗೆ’ ಅನ್ನಲು ಕಲಿತ.

ನಿಮ್ಮ ಮಗುವಿನ ಅಂಥ ಮಾತನ್ನು ಒಂದು ಹಾಳೆಯಲ್ಲಿ ಬರೆದಿಡಿ. ಯಾವಾಗ ಅಂದಿತು, ಅದಕ್ಕೆ ಮೊದಲು ಏನಾಯಿತು ಅನ್ನುವುದನ್ನೂ ಬರೆಯಿರಿ. ಹತ್ತು ದಿನಕ್ಕೆ ಏನೋ ಒಂದು ಗೊತ್ತಾಗುತ್ತದೆ.

ಚಿತ್ರ ತೋರಿಸಿ ಕಲಿಸಿದ್ರೆ ಆಮೇಲೆ ಮಾತೇ ಬರಲ್ವಂತೆ?

ಹಾಗೇನಿಲ್ಲ. ಚಿತ್ರದ ಕಾರ್ಡು, ಸನ್ನೆ, ಮೊಬೈಲಿನಲ್ಲಿ ಮಾತಾಡುವ ಆ್ಯಪ್ ಇವು ಮಾತನ್ನು ತಡೆಯುವುದಿಲ್ಲ, ಎಷ್ಟೋ ಮಕ್ಕಳಿಗೆ ಮಾತು ಬರಲು ದಾರಿ ಮಾಡುತ್ತವೆ. ಕೊನೆಗೂ ಮಾತು ಬಾರದ ಮಗುವಿಗೂ ‘ಹೊಟ್ಟೆ ನೋಯ್ತಿದೆ’ ಅಂತ ಹೇಳಲು ಏನಾದರೂ ಬೇಕಲ್ಲ? ನಿಮ್ಮ ಮನೆಯ ಲೋಟ, ಚಪ್ಪಲಿ, ಬಚ್ಚಲಿನ ಫೋಟೋ ತೆಗೆದು ರಟ್ಟಿಗೆ ಅಂಟಿಸಿ. ಅಂಗಡಿಯ ಕಾರ್ಡಿಗಿಂತ ಅವು ಬೇಗ ಅರ್ಥವಾಗುತ್ತವೆ.

ಕೈ ಬಡೀತಾಳೆ, ಗಿರಗಿರ ತಿರುಗ್ತಾಳೆ. ಬಿಡಿಸ್ಬೇಕಾ?

ತನಗೂ ಬೇರೆಯವರಿಗೂ ನೋವಾಗದಿದ್ದರೆ ಬಿಡಿ. ನಾವು ಕಾಲು ಅಲ್ಲಾಡಿಸುವ ಹಾಗೆ, ಅವಳ ಮೈಮನಸ್ಸು ಹಗುರಾಗುವ ದಾರಿ ಅದು. ತಲೆ ಚಚ್ಚಿಕೊಂಡರೆ, ಕೈ ಕಚ್ಚಿಕೊಂಡರೆ ಮೊದಲು ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದೆಯಾ ನೋಡಿಸಿ. ಹೇಳಲು ಬಾರದ ನೋವು ಹೀಗೇ ಹೊರಗೆ ಬರುತ್ತದೆ.

ಪೇಟೆಯಲ್ಲಿ ನೆಲದ ಮೇಲೆ ಬಿದ್ದು ಕಿರುಚ್ತಾನೆ. ಹಟ ಅಂತ ಎರಡು ಬಾರಿಸಿದ್ರೆ ಸರಿ ಹೋಗುತ್ತೆ ಅಂತಾರೆ.

ಹಟಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಹಟ ಮಾಡುವ ಮಗು ನೀವು ನೋಡುತ್ತಿದ್ದೀರಾ ಅಂತ ಓರೆಗಣ್ಣಲ್ಲಿ ನೋಡುತ್ತದೆ, ಕೇಳಿದ್ದು ಕೊಟ್ಟರೆ ನಿಲ್ಲಿಸುತ್ತದೆ. ಇದು ಹಾಗಲ್ಲ. ಹಾರ್ನು, ಲೈಟು, ವಾಸನೆ, ಜನ ಎಲ್ಲ ಒಟ್ಟಿಗೆ ತಲೆಗೆ ಏರಿ ತುಂಬಿ ಚೆಲ್ಲಿದ್ದು. ಕೇಳಿದ್ದು ಕೊಟ್ಟರೂ ನಿಲ್ಲದು. ಹೊಡೆದರೆ ಆ ರಾಶಿಗೆ ನೋವೂ ಸೇರುತ್ತದೆ.

ಮೊದಲು ಮಾತು ನಿಲ್ಲಿಸಿ. ಸಮಾಧಾನದ ಮಾತೂ ಆಗ ಗದ್ದಲವೇ. ಜನರನ್ನು ದೂರ ಸರಿಸಿ, ಕಲ್ಲಿಗೆ ತಲೆ ತಾಗದ ಹಾಗೆ ನೋಡಿ, ನೆರಳಿಗೆ ಕರೆದುಕೊಂಡು ಹೋಗಿ, ಕಾಯಿರಿ. ಮುಗಿದ ಮೇಲೆ ಬೈಯಬೇಡಿ, ನೀರು ಕೊಡಿ. ಮುಂದಿನ ಸಲಕ್ಕೆ ಯೋಚಿಸಿ: ಅಶೋಕ ರಸ್ತೆಯಲ್ಲಿ ಗಾಡಿಗಳ ಮಧ್ಯೆ ಸಿಕ್ಕಿಕೊಳ್ಳುವ ಹೊತ್ತಿನಲ್ಲಿ ಹೋಗಲೇಬೇಕಾ? ಬೆಳಿಗ್ಗೆ ಬೇಗ ಹೋದರೆ ಆಗದಾ? ದುಗ್ಗಮ್ಮನ ಜಾತ್ರೆ, ಗಣಪತಿ ಮೆರವಣಿಗೆಯ ಡಿಜೆ ಇದ್ದಾಗ ನಾವು ಮಗನಿಗೆ ಕಿವಿಗೆ ಮುಚ್ಚುವ ಮಫ್ ಹಾಕುತ್ತೇವೆ. ಕುಕ್ಕರ್ ಕೂಗುವ ಮೊದಲೇ ‘ಈಗ ಕೂಗುತ್ತೆ’ ಅಂತ ಹೇಳುತ್ತೇವೆ. ಅಷ್ಟು ಹೇಳಿದರೆ ಸಾಕು, ತಾನೇ ಕಿವಿ ಮುಚ್ಚಿಕೊಂಡು ನಿಲ್ಲುತ್ತಾನೆ.

ಬೆಣ್ಣೆ ದೋಸೆ ಬಿಟ್ರೆ ಏನೂ ತಿನ್ನಲ್ಲ. ಬಾಯಿಗೆ ತುರುಕ್ಲಾ?

ಬೇಡ. ಮೆತ್ತಗಿರುವ ಅನ್ನ, ಲೋಳೆ ಬೆಂಡೆಕಾಯಿ ಬಾಯಿಗೆ ಮುಳ್ಳಿನ ಹಾಗೆ ಅನಿಸುವ ಮಕ್ಕಳಿದ್ದಾರೆ. ದೋಸೆ ಗರಿಗರಿ ಅಂತ ತಿನ್ನುತ್ತಿರಬಹುದು. ಹಾಗಿದ್ದರೆ ಗರಿಗರಿ ರೊಟ್ಟಿ, ಹುರಿದ ಶೇಂಗಾ ತಟ್ಟೆಯ ಅಂಚಿಗೆ ಇಡಿ. ಮೊದಲು ಮುಟ್ಟಲಿ, ಮೂಸಲಿ. ಮಣ್ಣು, ಸುಣ್ಣ ತಿಂದರೆ ರಕ್ತ ಪರೀಕ್ಷೆ ಮಾಡಿಸಿ.

ಬಾಗಿಲು ತೆಗೆದಿದ್ರೆ ಓಡಿ ಹೋಗ್ತಾನೆ. ಕಟ್ಟಿ ಹಾಕ್ಬೇಕಾ?

ಕಟ್ಟಬೇಡಿ, ಆದರೆ ಇದನ್ನು ಹಗುರಾಗಿ ತೆಗೆದುಕೊಳ್ಳಲೂ ಬೇಡಿ. ಆಟಿಸಂ ಇರುವ ಬಹಳ ಮಕ್ಕಳಿಗೆ ನೀರು ಅಂದರೆ ಸೆಳೆತ, ಅಪಾಯದ ಅಂದಾಜು ಇಲ್ಲ. ನಮ್ಮ ಜಿಲ್ಲೆಯಲ್ಲಿ ಭದ್ರಾ ಚಾನೆಲ್ ಎಷ್ಟೋ ಊರುಗಳ ಪಕ್ಕದಲ್ಲೇ ಹರಿಯುತ್ತದೆ, ಮನೆ ಮನೆಗೆ ತೊಟ್ಟಿ, ಹೊಲದಲ್ಲಿ ಕೃಷಿ ಹೊಂಡ. ಮಗು ಕಾಣದಿದ್ದರೆ ಮೊದಲು ನೀರಿರುವ ಕಡೆ ಓಡಿ, ಆಮೇಲೆ ಬೇರೆ ಕಡೆ. ಜೊತೆಗೇ 112ಕ್ಕೆ ಫೋನ್ ಮಾಡಿ.

ಬಾಗಿಲಿಗೆ ಕೈ ಎಟುಕದ ಮೇಲೆ ಚಿಲಕ, ಗೇಟಿಗೆ ಗಂಟೆ. ಅಂಗಿಯ ಒಳಗೆ ಫೋನ್ ನಂಬರ್ ಹೊಲಿಯಿರಿ. ಕಿರಾಣಿ ಅಂಗಡಿಯವರಿಗೆ, ಆಟೋ ಸ್ಟ್ಯಾಂಡಿನವರಿಗೆ ಮಗನನ್ನು ಕರೆದುಕೊಂಡು ಹೋಗಿ ತೋರಿಸಿ, ‘ಅಣ್ಣಾ, ಇವನು ಒಬ್ಬನೇ ಕಂಡ್ರೆ ನಂಗೆ ಫೋನ್ ಮಾಡಿ’ ಅನ್ನಿ. ನನ್ನ ಮಗನನ್ನು ಎರಡು ಸಲ ಮನೆಗೆ ತಂದು ಬಿಟ್ಟವರು ಆಟೋದವರೇ. ಸಾಧ್ಯವಾದರೆ ಈಜು ಕಲಿಸಿ.

## ಶಾಲೆ, ಊರು, ನೆಂಟರು

ಬೇರೆ ಮಕ್ಕಳಿಗೆ ತೊಂದರೆ ಆಗುತ್ತೆ, ಟಿಸಿ ತಗೊಂಡು ಹೋಗಿ ಅಂತಿದ್ದಾರೆ. ಹಾಗನ್ನಬಹುದಾ?

ಅನ್ನುವಂತಿಲ್ಲ. ನಮಗೂ ಒಂದು ಶಾಲೆಯಲ್ಲಿ ಹಾಗೇ ಅಂದರು. ಅವತ್ತು ನನಗೆ ಕಾನೂನು ಗೊತ್ತಿರಲಿಲ್ಲ, ಅಳುತ್ತಾ ಬ್ಯಾಗ್ ತೆಗೆದುಕೊಂಡು ಬಂದೆ. ನೀವು ಹಾಗೆ ಬರಬೇಡಿ.

ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಸೇರಿಸಿಕೊಂಡು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ 2016ರ ಕಾಯ್ದೆಯ 16ನೇ ಕಲಂ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕೂ ಮೇಲಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ಬೇಕಿದ್ದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಪಡೆಯುವ ಹಕ್ಕು ಇದೆ, ಅದು 31ನೇ ಕಲಂ. ‘ಸೇರಿಸಲ್ಲ ಅನ್ನೋದನ್ನ ಬರೆದು ಕೊಡಿ’ ಅಂತ ಮೆತ್ತಗೆ ಕೇಳಿ. ಬಹಳ ಸಲ ಅಲ್ಲಿಗೇ ಮಾತಿನ ಧಾಟಿ ಬದಲಾಗುತ್ತದೆ. ಆಗದಿದ್ದರೆ ಶಿಕ್ಷಣ ಇಲಾಖೆಯ ತಾಲ್ಲೂಕು, ಜಿಲ್ಲಾ ಅಧಿಕಾರಿಗಳಾದ ಬಿಇಒ, ಡಿಡಿಪಿಐಗೆ ಬರೆದುಕೊಡಿ, ಅದಕ್ಕೂ ಮೇಲೆ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ. ಪ್ರತಿ ಬ್ಲಾಕಿನಲ್ಲೂ ಇಂಥ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಶಿಕ್ಷಕರ ವ್ಯವಸ್ಥೆ ಇದೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣವೂ ಇದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಬೇಕಿದ್ದರೆ ಒಂಬತ್ತನೇ ತರಗತಿಯಲ್ಲೇ ಕಾಗದಪತ್ರ ಶುರು ಮಾಡಿ.

ನಾನು ಮೇಷ್ಟ್ರು. ಕ್ಲಾಸಲ್ಲಿ 45 ಮಕ್ಕಳು, ಅವರಲ್ಲಿ ಒಬ್ಬ ಹೀಗಿದ್ದಾನೆ. ನಾನೇನು ಮಾಡೋಕಾಗುತ್ತೆ ಹೇಳಿ?

ಈ ಪ್ರಶ್ನೆ ಬಂದಾಗ ನನಗೆ ತುಂಬ ಸಂತೋಷ ಆಗುತ್ತದೆ ಸರ್. ಅವನನ್ನು ಯಾವಾಗಲೂ ಒಂದೇ ಜಾಗದಲ್ಲಿ ಕೂರಿಸಿ, ಕಿಟಕಿ, ಬಾಗಿಲಿಂದ ದೂರ. ಪಕ್ಕದಲ್ಲಿ ಒಬ್ಬ ಒಳ್ಳೆಯ ಹುಡುಗ ಇರಲಿ. ಇವತ್ತು ಏನೇನು ಅಂತ ಬೋರ್ಡಿನ ಮೂಲೆಯಲ್ಲಿ ಚಿತ್ರವೋ ಪದವೋ ಬರೆದು, ಆದದ್ದನ್ನು ಅಳಿಸುತ್ತಾ ಹೋಗಿ. ‘ಎಲ್ಲರೂ ಪುಸ್ತಕ ತೆಗೀರಿ’ ಅಂದರೆ ಆ ‘ಎಲ್ಲರೂ’ ತಾನೂ ಹೌದು ಅಂತ ಅವನಿಗೆ ಹೊಳೆಯದಿರಬಹುದು, ಹೆಸರು ಹಿಡಿದು ಹೇಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯ ಬೇಡ. ನೋಡದೆಯೂ ಕೇಳಿಸಿಕೊಳ್ಳುತ್ತಾನೆ. ಬೆಲ್ ಹೊಡೆಯುವ ಮೊದಲು ಒಂದು ಮಾತು ಹೇಳಿ. ತುಂಬಿ ಬಂದಾಗ ಐದು ನಿಮಿಷ ಹೊರಗೆ ಮರದ ಕೆಳಗೆ ನಿಂತು ಬರಲು ಬಿಡಿ. ಇದರಲ್ಲಿ ಅರ್ಧ, ಉಳಿದ 44 ಮಕ್ಕಳಿಗೂ ಒಳ್ಳೆಯದೇ.

ನೆಂಟರು ಏನಾಗಿದೆ ಅಂತ ಕೇಳ್ತಾರೆ. ಮದುವೆ ಮುಂಜಿಗೆ ಹೋಗೋದೇ ಬಿಟ್ಟಿದ್ದೀನಿ.

ಒಂದೇ ಉತ್ತರ ಬಾಯಿಪಾಠ ಮಾಡಿಟ್ಟುಕೊಳ್ಳಿ: ‘ಇವಳಿಗೆ ಆಟಿಸಂ ಇದೆ. ಗದ್ದಲ ಆಗಲ್ಲ. ಮಾತಾಡಿಸಿ, ಉತ್ತರಕ್ಕೆ ಸ್ವಲ್ಪ ಕಾಯಿರಿ.’ ಇಷ್ಟೇ. ಮುಹೂರ್ತದ ವಾದ್ಯದ ಹೊತ್ತು ಬಿಟ್ಟು, ಊಟದ ಮೊದಲ ಪಂಕ್ತಿಗೆ ಹೋಗಿ ಬನ್ನಿ. ಒಂದು ಗಂಟೆ ಹೋದರೂ ಹೋದ ಹಾಗೇ.

ನೀವು ನೆಂಟರೋ ಪಕ್ಕದ ಮನೆಯವರೋ ಆಗಿದ್ದರೆ ನಿಮಗೊಂದು ಮಾತು. ಸಲಹೆ ಬೇಡ. ‘ನಾನು ಅರ್ಧ ಗಂಟೆ ಇವನ ಜೊತೆ ಇರ್ತೀನಿ, ನೀನು ತಲೆ ಸ್ನಾನ ಮಾಡ್ಕೊಂಡು ಬಾ’ ಅನ್ನಿ. ನನ್ನ ನಾದಿನಿ ಹೀಗಂದದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ನಂಗೇ ಸಾಕಾಗಿದೆ ಅಕ್ಕಾ. ರಾತ್ರಿ ಎಲ್ಲ ಅಳು ಬರುತ್ತೆ.

ಅಳು ಬರುವುದು ನಿಮ್ಮ ಕೊರತೆಯಲ್ಲ. 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ ಸರ್ಕಾರದ್ದೇ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರು ವಾರಕ್ಕೆ ಒಂದು ಸಂಜೆ ಮಗುವನ್ನು ಕುಂದುವಾಡ ಕೆರೆ ಕಡೆಗೋ ಎಲ್ಲಿಗೋ ಕರೆದುಕೊಂಡು ಹೋಗಲಿ. ‘ನಿನಗೆ ಸಹಾಯ ಮಾಡ್ತೀನಿ’ ಅಂತಲ್ಲ, ಅವರ ಮಗುವೂ ಹೌದಲ್ವಾ? ಇನ್ನೊಂದು ಮಗು ಇದ್ದರೆ, ದಿನಕ್ಕೆ ಹತ್ತು ನಿಮಿಷ ಅದರದ್ದೇ ಆಗಿರಲಿ.

## ದೊಡ್ಡವರಾದ ಮೇಲೆ

ಮಗಳಿಗೆ 11 ವರ್ಷ. ಮುಟ್ಟಾದ್ರೆ ಹೇಗೆ ನಿಭಾಯಿಸ್ಲಿ?

ಈಗಲೇ ಶುರು ಮಾಡಿ. ಪ್ಯಾಡ್ ಹಾಕುವುದನ್ನು ಬೊಂಬೆಗೆ, ಆಮೇಲೆ ಅವಳ ಬಟ್ಟೆಗೆ ಹಾಕಿ ತೋರಿಸಿ. ತಿಂಗಳಿಗೆ ಎರಡು ದಿನ ಸುಮ್ನೆ ಹಾಕಿಕೊಂಡು ಅಭ್ಯಾಸ ಆಗಲಿ. ಕೆಂಪು ಬಣ್ಣ ನೋಡಿ ಗಾಬರಿಯಾಗದ ಹಾಗೆ ಚಿತ್ರದಲ್ಲಿ ಹೇಳಿ. ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುವುದು, ಯಾರು ಮುಟ್ಟಬಹುದು, ಯಾರು ಮುಟ್ಟಬಾರದು, ‘ಬೇಡ’ ಅನ್ನುವುದು ಇವು ಅಕ್ಷರಕ್ಕಿಂತ ಮೊದಲು ಬರಬೇಕಾದ ಪಾಠ. ಗಂಡುಮಕ್ಕಳಿಗೂ ಅಷ್ಟೇ. ದೊಡ್ಡವರು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದನ್ನೇ ಕಲಿಸಿದರೆ, ಕೆಟ್ಟವರು ಹೇಳಿದ್ದಕ್ಕೂ ಹೂಂ ಅನ್ನುತ್ತಾರೆ.

ನಂಗೆ 27. ಕೆಲಸಕ್ಕೆ ಹೋಗ್ತೀನಿ. ನಿಮ್ಮ ಮಾತು ಕೇಳಿದ್ರೆ ನನ್ನ ಬಗ್ಗೆನೇ ಹೇಳಿದ ಹಾಗಿದೆ.

ಇರಬಹುದು. ಮಾತು ಸರಿಯಾಗಿ ಬಂದವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಆಗ ಯಾರೂ ಗುರುತಿಸಲಿಲ್ಲ. ನಾಚಿಕೆ ಸ್ವಭಾವ ಅಂದುಬಿಟ್ಟರು. ಬೇರೆಯವರನ್ನು ನೋಡಿ ನೋಡಿ ಹಾಗೇ ನಟಿಸುವುದನ್ನು ಕಲಿತು, ಮನೆಗೆ ಬಂದು ಸುಸ್ತಾಗಿ ಬೀಳುವವರು ಎಷ್ಟೋ ಜನ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡುತ್ತಾರೆ. ಚಿಕ್ಕಂದಿನ ವಿಷಯ ಹೇಳಲು ಅಮ್ಮನನ್ನು ಕರೆದುಕೊಂಡು ಹೋಗಿ. ನಿಮ್ಮಂಥವರು ನಮ್ಮ ಜೊತೆ ಮಾತಾಡಿದರೆ ನಮಗೆ ದೊಡ್ಡ ಉಪಕಾರ. ನನ್ನ ಮಗನಿಗೆ ಟ್ಯೂಬ್‌ಲೈಟಿನ ಗುಂಯ್ ಸದ್ದು ಯಾಕೆ ಆಗದು ಅಂತ ನನಗೆ ತಿಳಿಸಿದ್ದು ಯಾವ ಡಾಕ್ಟರೂ ಅಲ್ಲ, ಆಟಿಸಂ ಇರುವ ಒಬ್ಬ ಯುವತಿ.

ಮದುವೆ ಮಾಡಿದ್ರೆ ಸರಿ ಹೋಗ್ತಾನೆ ಅಂತಾರೆ.

ಮದುವೆ ಚಿಕಿತ್ಸೆಯಲ್ಲ. ಆಟಿಸಂ ಇರುವವರು ಮದುವೆಯಾಗಿ ಚೆನ್ನಾಗಿರುವುದೂ ಉಂಟು, ತಾವೇ ಬಯಸಿ, ಎದುರಿನವರಿಗೆ ಎಲ್ಲ ತಿಳಿಸಿ ಆದಾಗ. ಮುಚ್ಚಿಟ್ಟು ಒಬ್ಬ ಹೆಣ್ಣುಮಗಳನ್ನು ತರುವುದು ಇಬ್ಬರಿಗೂ ಅನ್ಯಾಯ.

ಓದು ಹತ್ತಲಿಲ್ಲ. ಕೆಲಸ ಏನು ಮಾಡ್ತಾನೆ?

ಅವನಿಗೆ ಯಾವುದರಲ್ಲಿ ನೆಮ್ಮದಿಯೋ ಅಲ್ಲಿಂದ ಶುರು ಮಾಡಿ. ನನ್ನ ಮಗನಿಗೆ ಅಳತೆ ಅಂದರೆ ಪ್ರಾಣ. ಬೆಳಿಗ್ಗೆ ಮೂರು ಗಂಟೆ ನೆಂಟರ ಅಂಗಡಿಯಲ್ಲಿ ಮಂಡಕ್ಕಿ, ಬೇಳೆ ತೂಗಿ ಪ್ಯಾಕೆಟ್ ಕಟ್ಟುತ್ತಾನೆ. ತಕ್ಕಡಿಯಲ್ಲಿ 500 ಬರುವವರೆಗೆ ಒಂದೊಂದೇ ಕಾಳು ಹಾಕುತ್ತಾನೆ, ತೆಗೆಯುತ್ತಾನೆ. ಮೊದಮೊದಲು ನಿಧಾನ ಆಯಿತು. ಅಂಗಡಿಯವರು ಬೈಯದೆ, ‘498ರಿಂದ 502ರವರೆಗೆ ಇದ್ದರೂ ಸರಿ’ ಅಂತ ಚೀಟಿ ಬರೆದು ಅಂಟಿಸಿದರು. ಅವತ್ತಿಂದ ಕೆಲಸ ಸಲೀಸಾಯಿತು. ತಿಂಗಳ ಕೊನೆಗೆ ಸಂಬಳ ತಂದು ನನ್ನ ಕೈಗೆ ಕೊಡುವುದಿಲ್ಲ, ತನ್ನ ಡಬ್ಬಿಗೇ ಹಾಕುತ್ತಾನೆ. ಅದು ಅವನ ದುಡ್ಡು.

ಓದಿದವರಿಗೆ ಸರ್ಕಾರಿ ನೌಕರಿಯಲ್ಲಿ ಶೇ. 4 ಮೀಸಲಾತಿ ಇದೆ. ಅದರಲ್ಲಿ ಶೇ. 1 ಆಟಿಸಂ, ಬುದ್ಧಿ ಬೆಳವಣಿಗೆಯ ತೊಂದರೆ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ. ಕಾಲೇಜು ಸೀಟಿನಲ್ಲಿ ಶೇ. 5.

ನಾವು ಹೋದ್ಮೇಲೆ ಇವನ ಗತಿ?

ನನ್ನ ಹೊಟ್ಟೆಯಲ್ಲೂ ದಿನಾ ಇರುವ ಪ್ರಶ್ನೆ ಇದು. ಕಾಗದದ ಕೆಲಸ ಮೊದಲು. 18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಅವನು ವಯಸ್ಕ. ಬ್ಯಾಂಕು, ಆಸ್ತಿಯ ವಿಷಯ ತಾನೇ ನೋಡಿಕೊಳ್ಳಲು ಆಗದಿದ್ದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಪಾಲಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಅದನ್ನು ಮಾಡುತ್ತದೆ, ಕೋರ್ಟಿಗೆ ಅಲೆಯಬೇಕಿಲ್ಲ. ತನ್ನ ವ್ಯವಹಾರ ತಾನೇ ನೋಡಿಕೊಳ್ಳಬಲ್ಲವರಿಗೆ ಇದು ಬೇಡ, ಅವರ ಸಹಿ ಕಿತ್ತುಕೊಳ್ಳಬೇಡಿ. ವಿಲ್ ಬರೆಯಿರಿ. ಹೆಸರಿಗೆ ಜಮೀನು ಬರೆದು ಕೈತೊಳೆದುಕೊಳ್ಳುವುದಕ್ಕಿಂತ, ಟ್ರಸ್ಟ್ ಮಾಡಿ ತಿಂಗಳ ಖರ್ಚಿಗೆ ದಾರಿ ಮಾಡುವುದು ಒಳ್ಳೆಯದು. ವಕೀಲರನ್ನು ಕೇಳಿ. ಒಡಹುಟ್ಟಿದವರನ್ನು ಕೇಳದೆ ಅವರ ಹೆಗಲಿಗೆ ಹಾಕಬೇಡಿ.

ಇನ್ನೊಂದು, ಒಂದು ನೋಟ್‌ಬುಕ್ ತೆಗೆದುಕೊಂಡು ಅವನ ಬಗ್ಗೆ ಬರೆಯಿರಿ. ನಾವಿಲ್ಲದಾಗ ಅವನ ಜೊತೆ ಇರುವವರು ಓದಬೇಕಾದ್ದು. ಔಷಧಿ, ಡಾಕ್ಟರ ನಂಬರ್, ಕಾರ್ಡಿನ ಪ್ರತಿ ಎಲ್ಲ ಇರಲಿ. ನಮ್ಮದರ ಮೊದಲ ಪುಟದಲ್ಲಿ ಹೀಗಿದೆ: ‘ಅನ್ನಕ್ಕೆ ಸಾರು ಕಲಸಬೇಡಿ, ಪಕ್ಕದಲ್ಲಿ ಕೊಡಿ. ಫ್ಯಾನ್ ಮೂರರಲ್ಲಿರಲಿ. ಕಟಿಂಗಿಗೆ ಬುಧವಾರ ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ, ಕತ್ತರಿ ಮಾತ್ರ, ಮಿಷನ್ ಬೇಡ. ಕುಕ್ಕರ್ ಕೂಗುವ ಮೊದಲು ಹೇಳಿ. ಹುಬ್ಳಿ ಅಂದರೆ ಹೊರಗೆ ಕರೆದುಕೊಂಡು ಹೋಗಿ.’ ಪ್ರತಿ ಯುಗಾದಿಗೆ ಕೂತು ತಿದ್ದುತ್ತೇವೆ. ಈ ವರ್ಷದಿಂದ ಅವನೂ ಪಕ್ಕದಲ್ಲಿ ಕೂರುತ್ತಾನೆ. ಫ್ಯಾನಿನ ಸಾಲನ್ನು ಅವನೇ ಹೊಡೆದು ಹಾಕಿ ‘ನಾಲ್ಕು’ ಅಂತ ಬರೆಸಿದ.